ಹಳೆಯ ಹಾಯಿದೋಣಿಯನ್ನು ಮನೆಯಲ್ಲೇ ಸರಿಮಾಡಿ ಬಣ್ಣ ಬಳಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡರಿಂದ ಐದು ಮೀಟರ್ ಉದ್ದದ ಹಳೇ ಹಾಯಿದೋಣಿ ಸಿಕ್ಕಿದೆ, ಬಣ್ಣ ಹಕ್ಕಳೆ ಎದ್ದಿದೆ, ಒಳಗೆಲ್ಲ ಕಸ ತುಂಬಿದೆ, ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗಾಗಿ ಇದು. ಫೈಬರ್ (ಗಾಜಿನ ನಾರು ಮತ್ತು ರಾಳದ) ದೋಣಿ, ಪ್ಲೈವುಡ್ ದೋಣಿ ಎರಡೂ ಇಲ್ಲಿ ಬರುತ್ತವೆ. ಕ್ಯಾಬಿನ್ ಇರುವ ದೊಡ್ಡ ದೋಣಿಗಳ ಕತೆಯೇ ಬೇರೆ, ಅದಕ್ಕೆ ಕೈ ಹಾಕಿಲ್ಲ.

ದೋಣಿ ದುರಸ್ತಿಗೆ ಯೋಗ್ಯವೋ ಅಲ್ಲವೋ ಹೇಗೆ ತಿಳಿಯೋದು?

ಬಣ್ಣ ನೋಡಿ ತೀರ್ಮಾನಿಸಬೇಡಿ. ಅದನ್ನು ಹೇಗೂ ಕೆರೆಯುತ್ತೀರಿ. ನೋಡಬೇಕಾದ್ದು ಒಡಲಿನ ಗಟ್ಟಿತನ.

ಫೈಬರ್ ದೋಣಿಯಾದರೆ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ 'ಟಕ್ ಟಕ್' ಅಂತ ಚುರುಕಾದ ಸದ್ದು ಬರುತ್ತದೆ. ಪದರ ಬಿಟ್ಟುಕೊಂಡ ಕಡೆ, ಒಳಗೆ ನೀರು ಕುಡಿದ ಕಡೆ, ಅದೇ ಹಿಡಿ 'ದಬ್' ಅನ್ನುತ್ತದೆ. ಮೊದಮೊದಲು ವ್ಯತ್ಯಾಸ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಕಿವಿ ತಾನಾಗೇ ಹಿಡಿಯುತ್ತದೆ. ಸದ್ದು ಬದಲಾದ ಕಡೆಯೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ. ಒಳಗೆ ಅಡ್ಡಹಲಗೆ ಇದ್ದರೂ ಸದ್ದು ಬದಲಾಗುತ್ತದೆ. ಹಾಗಾಗಿ ಎಡಬದಿಯಲ್ಲಿ ಕೇಳಿದ್ದನ್ನು ಬಲಬದಿಯ ಅದೇ ಜಾಗದ ಜೊತೆ ಹೋಲಿಸಿ ನೋಡಿ.

ಮರದ ದೋಣಿಗೆ ದಬ್ಬಳ ಸಾಕು. ಮೆಲ್ಲಗೆ ಒತ್ತಿದಾಗ ಗಟ್ಟಿ ಮರ ತಡೆಯುತ್ತದೆ, ಕುಂಬಾದ ಮರದೊಳಗೆ ದಬ್ಬಳ ಸಲೀಸಾಗಿ ಇಳಿದುಬಿಡುತ್ತದೆ.

ಎರಡರಲ್ಲೂ ಮೊದಲು ನೋಡಬೇಕಾದ ಜಾಗಗಳು ಒಂದೇ: ಮಾಸ್ಟ್ (ಹಾಯಿ ಕಟ್ಟುವ ಕಂಬ) ಕೂರುವ ಬುಡ, ಚುಕ್ಕಾಣಿ ಕೂಡಿಸುವ ಹಿಂಬದಿಯ ಹಲಗೆ, ಮಾಸ್ಟಿನ ತಂತಿಗಳನ್ನು ಬಿಗಿಯುವ ಪಟ್ಟಿಗಳ ಸುತ್ತ, ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ನಡುಹಲಗೆ) ಇಳಿಯುವ ಪೆಟ್ಟಿಗೆ ತಳಕ್ಕೆ ಸೇರುವ ಸಂದು. ಇವುಗಳಲ್ಲಿ ಒಂದೆರಡು ಕಡೆ ಮೆತ್ತಗಿದ್ದರೆ ಹೆದರಬೇಡಿ. ಎಲ್ಲಾ ಕಡೆ ಮೆತ್ತಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ಇನ್ನೊಂದು ಮಾತು. ಒಡಲು ಚೆನ್ನಾಗಿದ್ದು ಮಾಸ್ಟ್, ಹಾಯಿ, ಚುಕ್ಕಾಣಿ ಇಲ್ಲದ ದೋಣಿ ಅಗ್ಗ ಅನ್ನಿಸುತ್ತದೆ. ಅವನ್ನು ಆಮೇಲೆ ಜೋಡಿಸುವಷ್ಟರಲ್ಲಿ ದೋಣಿಗಿಂತ ಅವೇ ದುಬಾರಿ ಆಗುವುದುಂಟು.

ನನ್ನದು ಯಾವ ಜಾತಿಯ ದೋಣಿ ಅಂತಲೇ ಗೊತ್ತಿಲ್ಲ. ತಿಳಿಯುವುದು ಮುಖ್ಯವಾ?

ಮುಖ್ಯ. ಹೆಸರು ಗೊತ್ತಾದರೆ ಅಳತೆ, ನಕ್ಷೆ, ಬಿಡಿಭಾಗ ಎಲ್ಲಾ ಸಿಗುತ್ತವೆ. ಹಾಯಿಯ ಮೇಲಿನ ಚಿಹ್ನೆ ಮತ್ತು ನಂಬರ್ ನೋಡಿ. ಹಿಂಬದಿಯ ಹಲಗೆಯ ಹತ್ತಿರ ಸಣ್ಣ ತಗಡು ಹೊಡೆದಿದ್ದಾರಾ ನೋಡಿ. ಉದ್ದ ಅಗಲ ಅಳೆಯಿರಿ.

ಮೂತಿ ಚಪ್ಪಟೆಯಾಗಿ, ದೋಣಿ 2.3 ಮೀಟರ್ ಉದ್ದವಿದ್ದರೆ ಅದು ಬಹುಶಃ ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ದೋಣಿ ಇದು. ಚಪ್ಪಟೆ ಮೂತಿಯೇ ಇದ್ದು, 3.3 ಮೀಟರ್ ಉದ್ದ, ಪ್ಲೈವುಡ್ ಒಡಲು, ಕೆಂಪು ಹಾಯಿ ಇದ್ದರೆ ಮಿರರ್ ಇರಬಹುದು. ಬ್ರಿಟನ್ನಿನಲ್ಲಿ 1960ರ ದಶಕದ ಆರಂಭದಲ್ಲಿ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅದನ್ನು ರೂಪಿಸಿದ್ದೇ ಮನೆಯಲ್ಲಿ ಕೂತು ಕಟ್ಟಿಕೊಳ್ಳಲಿ ಅಂತ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗ್ಲಾಸ್ ಪಟ್ಟಿ ಮತ್ತು ರೆಸಿನ್ ಮೆತ್ತುವ ವಿಧಾನ ಅದರದ್ದು. ಮನೆಯಲ್ಲಿ ಕಟ್ಟಿದ್ದನ್ನು ಮನೆಯಲ್ಲೇ ರಿಪೇರಿ ಮಾಡುವುದೂ ಸುಲಭ ಅಲ್ವಾ? ಒಬ್ಬರೇ ಓಡಿಸುವ, 4.23 ಮೀಟರ್ ಉದ್ದದ, ಎರಡು ತುಂಡಿನ ಮಾಸ್ಟ್ ಇರುವ ಫೈಬರ್ ದೋಣಿಯಾದರೆ ಅದು ಬ್ರೂಸ್ ಕರ್ಬಿ ರೂಪಿಸಿದ ಲೇಸರ್.

ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತೆ?

ಬಣ್ಣ ಬಳಿಯುವುದು ಕೆಲವೇ ದಿನಗಳ ಕೆಲಸ. ಅದಕ್ಕೆ ಮೊದಲಿನದ್ದು, ಅಂದರೆ ಬಿಚ್ಚುವುದು, ಒಣಗಿಸುವುದು, ಕೆರೆಯುವುದು, ತುಂಬುವುದು, ಮತ್ತೆ ಕೆರೆಯುವುದು, ವಾರಗಟ್ಟಲೆ ತಿನ್ನುತ್ತದೆ. ಬರೀ ರಜಾದಿನಗಳಲ್ಲಿ ಮಾಡುವವರು ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ.

ಎಲ್ಲಿ ಇಟ್ಟುಕೊಂಡು ಮಾಡಬೇಕು?

ನೆರಳು ಬೇಕು, ಗಾಳಿ ಬೇಕು, ಮಳೆ ಇಬ್ಬನಿ ಬೀಳಬಾರದು. ಶೆಡ್ ಇಲ್ಲದಿದ್ದರೆ ಟಾರ್ಪಾಲಿನ್ ಚಪ್ಪರ ನಡೆಯುತ್ತದೆ. ಆದರೆ ಟಾರ್ಪಾಲನ್ನು ದೋಣಿಯ ಮೈಗೇ ಹೊದಿಸಬೇಡಿ, ಅಡಿಯಲ್ಲಿ ಬೆವರಿ ಮರವೆಲ್ಲ ಒದ್ದೆಯಾಗುತ್ತದೆ.

ಎರಡು ಮರದ ಸ್ಟ್ಯಾಂಡ್ ಮಾಡಿ, ಮೇಲೆ ಹಳೇ ಕಾರ್ಪೆಟ್ ಸುತ್ತಿ, ದೋಣಿಯನ್ನು ಬೋರಲು ಮಲಗಿಸಿ. ನಿಮ್ಮ ಸೊಂಟದ ಎತ್ತರಕ್ಕೆ ಬರಲಿ. ಬಗ್ಗಿಕೊಂಡು ಪೇಪರ್ ಹೊಡೆದರೆ (ಮರಳುಕಾಗದದಿಂದ ಉಜ್ಜಿದರೆ) ಸಂಜೆಗೆ ಬೆನ್ನು ನೆಟ್ಟಗಾಗುವುದಿಲ್ಲ. ಮಗುಚುವಾಗ ನೆಲಕ್ಕೆ ಹಳೇ ಟೈರ್ ಹಾಕಿ, ಇನ್ನೊಬ್ಬರನ್ನು ಕರೆಯಿರಿ.

ಫಿಟ್ಟಿಂಗ್‌ಗಳನ್ನೆಲ್ಲ (ಒಡಲಿಗೆ ತಿರುಪಿನಿಂದ ಕೂರಿಸಿದ ಬಿಡಿಭಾಗ) ಬಿಚ್ಚಲೇಬೇಕಾ? ಟೇಪ್ ಹಚ್ಚಿ ಸುತ್ತ ಬಣ್ಣ ಬಳಿದರೆ ಆಗಲ್ವಾ?

ಬಿಚ್ಚಿ. ಫಿಟ್ಟಿಂಗ್ ಅಂಚಿನಲ್ಲಿ ನಿಂತ ಬಣ್ಣವೇ ಮೊದಲು ಏಳುವುದು. ಅದಕ್ಕಿಂತ ಮುಖ್ಯವಾಗಿ, ನೀರು ಒಳಗೆ ಇಳಿಯುವುದು ಆ ತಿರುಪಿನ ತೂತುಗಳಿಂದಲೇ. ಬಿಚ್ಚಿ ನೋಡದೆ ಅಡಿಯಲ್ಲಿ ಏನಾಗಿದೆ ಅಂತ ತಿಳಿಯುವುದಿಲ್ಲ.

ಬಿಚ್ಚುವ ಮೊದಲು ಎಲ್ಲಾ ಕೋನದಿಂದ ಫೋಟೋ ತೆಗೆಯಿರಿ. ಪ್ರತಿ ಫಿಟ್ಟಿಂಗನ್ನೂ ಅದರ ತಿರುಪುಗಳ ಜೊತೆ ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆದಿಡಿ. ಕಚ್ಚಿಕೊಂಡ ತಿರುಪಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆಗಲೂ ಬರದಿದ್ದರೆ ಬೆಸುಗೆ ಕಡ್ಡಿಯ ಬಿಸಿ ಮೊನೆಯನ್ನು ತಿರುಪಿನ ತಲೆಗೆ ಒಂದೆರಡು ನಿಮಿಷ ಒತ್ತಿ ಹಿಡಿದು ತಿರುಗಿಸಿ ನೋಡಿ.

ಮರಳಿ ಕೂರಿಸುವಾಗ ಹಳೇ ತೂತನ್ನು ದೊಡ್ಡದು ಮಾಡಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಿರಿ. ಆಗ ನೀರು ಸೋರಿದರೂ ಮರಕ್ಕೆ ತಾಗುವುದಿಲ್ಲ. ಫಿಟ್ಟಿಂಗ್ ಅಡಿಗೆ ಬ್ಯೂಟೈಲ್ ಟೇಪ್ ಅಥವಾ ಪಾಲಿಸಲ್ಫೈಡ್ ಸೀಲಂಟ್ ಹಾಕಿ. ಬಾತ್‌ರೂಮಿಗೆ ಬಳಸುವ ಸಿಲಿಕಾನ್ ಮಾತ್ರ ದೋಣಿಯ ಹತ್ತಿರ ತರಬೇಡಿ. ಅದು ಒಮ್ಮೆ ಮೆತ್ತಿದ ಜಾಗದಲ್ಲಿ ಮುಂದೆ ಬಣ್ಣ ಕೂರುವುದೇ ಇಲ್ಲ.

ಹಳೇ ಬಣ್ಣ ಪೂರ್ತಿ ತೆಗೆಯಬೇಕಾ?

ಗಟ್ಟಿಯಾಗಿ ಅಂಟಿಕೊಂಡಿದ್ದರೆ ಬೇಕಿಲ್ಲ. ಬ್ಲೇಡಿನಿಂದ ಬಣ್ಣದ ಮೇಲೆ ಅಡ್ಡ ಉದ್ದ ಒತ್ತೊತ್ತಾಗಿ ಗೆರೆ ಗೀರಿ, ಮೇಲೆ ಅಂಟುಟೇಪ್ ಒತ್ತಿ, ಸರಕ್ಕನೆ ಕೀಳಿ. ಟೇಪಿಗೆ ಬಣ್ಣದ ಚೂರು ಬಂದರೆ ಆ ಜಾಗದ್ದನ್ನೆಲ್ಲ ತೆಗೆಯಲೇಬೇಕು. ಬರದಿದ್ದರೆ ಪೇಪರ್ ಹೊಡೆದು ಮೇಲೆ ಬಳಿಯಬಹುದು. ಹತ್ತಾರು ಕಡೆ ಪರೀಕ್ಷೆ ಮಾಡಿ.

ಕೆರೆಯುವ ಮೊದಲು ಒಂದು ಎಚ್ಚರಿಕೆ. ದಶಕಗಳಷ್ಟು ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ತಳಕ್ಕೆ ಪಾಚಿ ಚಿಪ್ಪು ಹತ್ತದಂತೆ ಬಳಿದ ಬಣ್ಣದಲ್ಲಿ ತಾಮ್ರ ಇರುತ್ತದೆ. ತೀರಾ ಹಳೆಯದಾದರೆ ಟಿಬಿಟಿ ಎಂಬ ತವರದ ವಿಷವೂ ಇರಬಹುದು. ಹಡಗು ದೋಣಿಗಳ ಮೇಲೆ ಅದರ ಬಳಕೆಯನ್ನು ನಿಷೇಧಿಸಿದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದಿದ್ದು 2008ರಲ್ಲಿ. ಸೀಸ ಪತ್ತೆಮಾಡುವ ಕಿಟ್ ಸಿಗುತ್ತದೆ, ಬಳಸಿ. ಅನುಮಾನ ಇದ್ದರೆ ಒಣದಾಗಿ ಉಜ್ಜಬೇಡಿ, ನೀರು ಹಾಕಿಕೊಂಡು ಉಜ್ಜಿ. ಕೆಸರನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ಅಪಾಯಕಾರಿ ಕಸದ ಜೊತೆ ಕೊಡಿ. ಧೂಳಿಗೆ ಬಟ್ಟೆಯ ಮಾಸ್ಕ್ ಸಾಲದು, ಪಿ100 ದರ್ಜೆಯ ಫಿಲ್ಟರ್ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಫೈಬರ್ ದೋಣಿಗೆ ಸಾಮಾನ್ಯ ಪೇಂಟ್ ರಿಮೂವರ್ ಬಳಸಬಾರದು. ಅದು ಬಣ್ಣದ ಜೊತೆಗೆ ಅಡಿಯ ಜೆಲ್‌ಕೋಟನ್ನೂ (ಫೈಬರ್ ಮೈಯ ನುಣುಪಾದ ಹೊರಪದರ) ಮೆತ್ತಗೆ ಮಾಡುತ್ತದೆ. ಫೈಬರ್‌ಗೆಂದೇ ಮಾಡಿದ್ದು ಬೇರೆ ಸಿಗುತ್ತದೆ. ಬಿಸಿಗಾಳಿ ಗನ್ ಮರಕ್ಕೆ ಸರಿ, ಫೈಬರ್‌ಗೆ ಬೇಡ. ಸೀಸದ ಬಣ್ಣವಿದ್ದರೆ ಮರಕ್ಕೂ ಬೇಡ, ಹೊಗೆಯೇ ವಿಷ.

ಪೇಪರ್ ಹೊಡೆದ ಮೇಲೆ ತೊಳೆದರೆ ಸಾಕಲ್ವಾ? ಮೊದಲೇ ಯಾಕೆ?

ಹಳೇ ದೋಣಿಯ ಮೈಮೇಲೆ ಮೇಣ, ಪಾಲಿಶ್, ಜಿಡ್ಡು ಇರುತ್ತದೆ. ತೊಳೆಯದೆ ಪೇಪರ್ ಹೊಡೆದರೆ ಆ ಮೇಣವನ್ನು ಗೀರುಗಳ ಒಳಕ್ಕೆ ತುರುಕಿದ ಹಾಗೆ. ಮೊದಲು ಸೋಪು ನೀರು, ಒಣಗಿದ ಮೇಲೆ ಮೇಣ ತೆಗೆಯುವ ಸಾಲ್ವೆಂಟ್. ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದರಿಂದ ಒದ್ದೆ ಮಾಡಿ, ಅದು ಆರುವ ಮೊದಲೇ ಇನ್ನೊಂದರಿಂದ ಒರೆಸಿ. ಒಂದೇ ಬಟ್ಟೆಯಲ್ಲಿ ಉಜ್ಜಿದರೆ ಜಿಡ್ಡನ್ನು ಅಲ್ಲಿಂದ ಇಲ್ಲಿಗೆ ಸಾಗಿಸಿದಂತೆ ಅಷ್ಟೇ.

ಸರಿಯಾಯಿತಾ ಅಂತ ನೋಡಲು ಮೈಮೇಲೆ ನೀರು ಸುರಿಯಿರಿ. ನೀರು ಹಾಳೆಯಂತೆ ಒಂದೇ ಸಮನೆ ಹರಡಿಕೊಂಡರೆ ಮೈ ಶುಚಿಯಾಗಿದೆ. ಹನಿ ಹನಿಯಾಗಿ ಒಡೆದರೆ ಮೇಣ ಇನ್ನೂ ಇದೆ.

ಮರ ಮೆತ್ತಗಾಗಿದೆ. ಎಪಾಕ್ಸಿ ಕುಡಿಸಿದರೆ ಗಟ್ಟಿಯಾಗುತ್ತಾ?

ಬಾಟಲಿಗಳ ಮೇಲೆ ಹಾಗೆ ಬರೆದಿರುತ್ತಾರೆ. ಭಾರ ಹೊರುವ ಜಾಗದಲ್ಲಿ ಅದನ್ನು ನಂಬಬೇಡಿ. ಕುಂಬಾದ ಮರವನ್ನು ಕತ್ತರಿಸಿ ತೆಗೆದು ಹೊಸ ಮರ ಕೂರಿಸುವುದೇ ಸರಿ.

ಮರ ಕುಂಬಾಗುವುದು ಒಂದು ಬಗೆಯ ಬೂಷ್ಟಿನಿಂದ. ಅದಕ್ಕೆ ಗಾಳಿ, ಬೆಚ್ಚಗಿನ ಹವೆ, ತೇವ ಮೂರೂ ಬೇಕು. ಮರದ ತೇವ ಸುಮಾರು 20 ಪರ್ಸೆಂಟ್‌ಗಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಉಪ್ಪುನೀರನ್ನು ಅದು ಇಷ್ಟಪಡುವುದಿಲ್ಲ. ಹಾಗಾಗಿ ಸಮುದ್ರದಲ್ಲಿ ಓಡಿದ ದೋಣಿಗಿಂತ, ಅಂಗಳದಲ್ಲಿ ಮಳೆನೀರು ತುಂಬಿಕೊಂಡು ಸುಮ್ನೆ ನಿಂತ ದೋಣಿಯೇ ಬೇಗ ಹಾಳಾಗುವುದು.

ಕತ್ತರಿಸುವಾಗ ಮೆತ್ತಗಿನ ಭಾಗವನ್ನಷ್ಟೇ ಅಲ್ಲ, ಸುತ್ತ ಕೆಲವು ಇಂಚು ಗಟ್ಟಿ ಮರವನ್ನೂ ತೆಗೆಯಿರಿ. ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಆಚೆಗೆ ಹರಡಿರುತ್ತದೆ. ಹೊಸ ಪ್ಲೈವುಡ್ ತುಂಡನ್ನು ನೇರ ಅಂಚಿಗೆ ಅಂಚು ಕೂಡಿಸಬೇಡಿ. ಎರಡೂ ಅಂಚನ್ನು ಇಳಿಜಾರಾಗಿ ಹತ್ತರಿ ಹೊಡೆದು ಒಂದರ ಮೇಲೊಂದು ಕೂರಿಸಿ. ಇಳಿಜಾರು ಪ್ಲೈವುಡ್ ದಪ್ಪದ ಎಂಟು ಪಟ್ಟು ಇರಲಿ. 6 ಮಿಲಿಮೀಟರ್ ಪ್ಲೈವುಡ್‌ಗೆ 48 ಮಿಲಿಮೀಟರ್. ಅಷ್ಟು ಜಾಗ ಸಿಗದ ಕಡೆ ಹಿಂದಿನಿಂದ ಪಟ್ಟಿ ಕೊಡಿ. ಪ್ಲೈವುಡ್ ಮರೈನ್ ದರ್ಜೆಯದ್ದೇ ಆಗಲಿ. ಬಿಎಸ್ 1088 ಅಂತ ಮುದ್ರೆ ಇರುತ್ತದೆ. ಅಗ್ಗದ ಪ್ಲೈವುಡ್‌ನ ಒಳಪದರಗಳಲ್ಲಿ ಸಂದುಗಳಿರುತ್ತವೆ, ನೀರು ಕೂರುವುದೇ ಅಲ್ಲಿ.

ಮರ ಒಣಗಿದೆಯಾ ಅಂತ ಮೀಟರ್ ಇಲ್ಲದೆ ನೋಡಬಹುದಾ?

ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ಮರದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಮಾರನೇ ದಿನ ಒಳಬದಿಯಲ್ಲಿ ಹಬೆ ಕಟ್ಟಿದ್ದರೆ ಇನ್ನೂ ಒಣಗಿಲ್ಲ. ಆದರೆ ಹಬೆ ಕಟ್ಟಿಲ್ಲ ಅಂದ ಮಾತ್ರಕ್ಕೆ ಆಳದವರೆಗೂ ಒಣಗಿದೆ ಎನ್ನಲಾಗದು. ಅವಸರ ಬೇಡ. ಒದ್ದೆ ಮರಕ್ಕೆ ಎಪಾಕ್ಸಿ ಬಳಿಯುವುದೆಂದರೆ ತೇವವನ್ನು ಒಳಗೇ ಹಾಕಿ ಬೀಗ ಜಡಿದಂತೆ.

ಫೈಬರ್ ಮೈಮೇಲೆ ಕೂದಲೆಳೆಯ ಬಿರುಕುಗಳಿವೆ. ಪುಟ್ಟಿ ಮೆತ್ತಲಾ?

ಮೆತ್ತಿದರೆ ಒಂದು ಸೀಸನ್ ಬಾಳುತ್ತದೆ, ಮತ್ತೆ ಬಿರುಕು ಅಲ್ಲೇ ಮೂಡುತ್ತದೆ. ಬಿರುಕು ಬಂದಿದ್ದು ಯಾಕೆ ಅಂತ ಮೊದಲು ನೋಡಿ. ಒಂದು ಬಿಂದುವಿನಿಂದ ಸುತ್ತ ಹರಡಿದ್ದರೆ ಅಲ್ಲಿ ಏಟು ಬಿದ್ದಿದೆ. ಮೂಲೆಯ ಉದ್ದಕ್ಕೂ ಒಂದೇ ಸಾಲಿನಲ್ಲಿದ್ದರೆ ಆ ಭಾಗ ಬಳುಕುತ್ತಿದೆ. ಬಳುಕುವ ಕಡೆ ಒಳಗಿನಿಂದ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ಹಾಕಿ ಗಟ್ಟಿ ಮಾಡಿ, ಆಮೇಲೆ ಹೊರಗಿನ ಕೆಲಸ.

ಬಿರುಕನ್ನು ತ್ರಿಕೋನದ ಮೊನೆಯಿಂದ 'ವಿ' ಆಕಾರಕ್ಕೆ ಬಿಡಿಸಿ ಎಪಾಕ್ಸಿ ಪುಟ್ಟಿ ತುಂಬಿ. ತೂತೇ ಬಿದ್ದಿದ್ದರೆ ಸುತ್ತಲಿನ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಮಾಡಿ, ಗ್ಲಾಸ್ ಬಟ್ಟೆಯ ಪದರಗಳನ್ನು ಒಂದೊಂದಾಗಿ ಕೂರಿಸಿ.

ಗುಳ್ಳೆಗಳಿದ್ದರೆ ಕನ್ನಡಕ ಹಾಕಿಕೊಂಡು ಒಂದನ್ನು ಒಡೆಯಿರಿ. ಹುಳಿ ವಾಸನೆಯ ನೀರು ಬಂದರೆ ಅದು ಆಸ್ಮೋಸಿಸ್, ಅಂದರೆ ಫೈಬರ್ ಒಳಗೆ ನೀರು ಇಳಿದು ಎದ್ದ ಗುಳ್ಳೆ. ಒಡೆದು, ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ತುಂಬಬೇಕು. ಬಳಸಿದ ಮೇಲೆ ದಡಕ್ಕೆ ಎಳೆದಿಡುವ ದೋಣಿಗಳಲ್ಲಿ ಇದು ಕಡಿಮೆ.

ಎಪಾಕ್ಸಿ ಕಲಸಿದ ಡಬ್ಬಿ ಬಿಸಿಯಾಗಿ ಹೊಗೆ ಬಂತು!

ಜಾಸ್ತಿ ಕಲಸಿ, ಆಳದ ಡಬ್ಬಿಯಲ್ಲೇ ಬಿಟ್ಟಿದ್ದೀರಿ. ಗಟ್ಟಿಯಾಗುವಾಗ ಎಪಾಕ್ಸಿ ಶಾಖ ಬಿಡುತ್ತದೆ, ಆ ಶಾಖಕ್ಕೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಹೊಗೆ ಬಂದ ಡಬ್ಬಿಯನ್ನು ಬಯಲಿಗೆ ಒಯ್ದಿಡಿ.

ಹಾರ್ಡನರ್ (ಗಟ್ಟಿಯಾಗಲು ಬೆರೆಸುವ ಎರಡನೇ ದ್ರವ) ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಕೆಡುತ್ತದೆ ಅಷ್ಟೇ. ಡಬ್ಬಿಯಲ್ಲಿ ಹೇಳಿದ ಅಳತೆಯೇ ಆಗಬೇಕು. ತುಂಬಲು, ಸಮ ಮಾಡಲು ಹಗುರವಾದ ಮೈಕ್ರೋಬಲೂನ್ ಪುಡಿ ಸೇರಿಸಿ. ಅಂಟಿಸಲು ಸಿಲಿಕಾ ಪುಡಿ. ಅದಲು ಬದಲು ಮಾಡಬೇಡಿ, ಮೈಕ್ರೋಬಲೂನ್‌ಗೆ ಬಲವಿಲ್ಲ.

ಗಟ್ಟಿಯಾದ ಎಪಾಕ್ಸಿ ಮೇಲೆ ಕೆಲವೊಮ್ಮೆ ಮೇಣದಂತಹ ಜಿಡ್ಡು ಬರುತ್ತದೆ. ಸಾಲ್ವೆಂಟ್ ಬೇಡ, ನೀರು ಹಾಕಿ ಒರಟು ಸ್ಕ್ರಬ್ಬರ್‌ನಿಂದ ಉಜ್ಜಿದರೆ ಹೋಗುತ್ತದೆ. ಪೇಪರ್ ಅದರ ನಂತರ.

ಯಾವ ಬಣ್ಣ ಕೊಳ್ಳಲಿ?

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಒಂದು ಡಬ್ಬಿಯ ಮರೈನ್ ಎನಾಮೆಲ್ ಅಥವಾ ಪಾಲಿಯುರೆಥೇನ್. ಬಳಿಯಲು ಸುಲಭ, ತಪ್ಪಿದರೆ ತಿದ್ದಬಹುದು, ಗೀರು ಬಿದ್ದರೆ ಅಲ್ಲಷ್ಟೇ ಬಳಿದುಕೊಳ್ಳಬಹುದು. ಎರಡು ಡಬ್ಬಿ ಕಲಸುವ ಪಾಲಿಯುರೆಥೇನ್ ಗಾಜಿನಂತೆ ಗಟ್ಟಿ, ಹೊಳಪು ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ಇದೆ, ಉಸಿರಾಟಕ್ಕೆ ಕೆಟ್ಟದ್ದು. ಮನೆಯಲ್ಲಿ ಅದನ್ನು ಸ್ಪ್ರೇ ಮಾಡಲೇಬೇಡಿ. ಬ್ರಷ್‌ನಲ್ಲಿ ಬಳಿದರೂ ರಾಸಾಯನಿಕ ಆವಿ ತಡೆಯುವ ಮಾಸ್ಕ್, ಕೈಗವಸು ಬೇಕು. ಹಳೇ ಎನಾಮೆಲ್ ಮೇಲೆ ನೇರವಾಗಿ ಅದನ್ನು ಬಳಿದರೆ ಅಡಿಯ ಬಣ್ಣ ಸುಕ್ಕುಗಟ್ಟಿ ಏಳುತ್ತದೆ.

ಮನೆ ಗೇಟಿನ ಎನಾಮೆಲ್ ಆಗುತ್ತಾ ಅಂತಲೂ ಕೇಳುತ್ತಾರೆ. ದಡದಲ್ಲೇ ಇರುವ ಮರದ ದೋಣಿಗೆ ಒಂದೆರಡು ವರ್ಷ ನಡೆಯುತ್ತದೆ. ಅಷ್ಟು ದಿನ ಪೇಪರ್ ಹೊಡೆದ ಕೈಗೆ ಅದು ನ್ಯಾಯವಲ್ಲ ಅಂತ ನನಗನ್ನಿಸುತ್ತದೆ.

ಕಡು ಬಣ್ಣ ಬಿಸಿಲಲ್ಲಿ ಕಾಯುತ್ತದೆ, ಮೈಯ ಏರುತಗ್ಗನ್ನೆಲ್ಲ ತೋರಿಸುತ್ತದೆ. ಬಿಳಿ, ಕೆನೆ, ತಿಳಿ ಬೂದು ಬಣ್ಣಗಳು ಮುಚ್ಚಿಕೊಡುತ್ತವೆ. ದೋಣಿ ನೀರಲ್ಲೇ ನಿಲ್ಲುವುದಿಲ್ಲವಾದರೆ ತಳಕ್ಕೆ ಪಾಚಿ ತಡೆಯುವ ಬಣ್ಣ ಬೇಡವೇ ಬೇಡ.

ಎಷ್ಟು ಬಣ್ಣ ಬೇಕಾಗುತ್ತೆ?

ಬದಿಗಳಿಗೆ: ಉದ್ದಕ್ಕೆ ಅಗಲ ಕೂಡಿಸಿ, ಎರಡರಿಂದ ಗುಣಿಸಿ, ನೀರಿನ ಮೇಲೆ ಕಾಣುವ ಎತ್ತರದಿಂದ ಗುಣಿಸಿ. ತಳಕ್ಕೆ: ಉದ್ದ, ಅಗಲ ಗುಣಿಸಿ ಸ್ವಲ್ಪ ಕಳೆಯಿರಿ. 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದೋಣಿಯ ಹೊರಮೈ ಹೆಚ್ಚುಕಡಿಮೆ 10 ಚದರ ಮೀಟರ್. ಒಂದು ಲೀಟರ್ ಸುಮಾರು ಅಷ್ಟೇ ಜಾಗಕ್ಕೆ ಬರುತ್ತದೆ. ಅಂದರೆ ಕೋಟ್‌ಗೊಂದು ಲೀಟರ್. ಎಲ್ಲಾ ಡಬ್ಬಿ ಒಂದೇ ಸಲ ಕೊಳ್ಳಿ.

ಬ್ರಷ್ ಗೆರೆ ಕಾಣದಂತೆ ಬಳಿಯೋದು ಹೇಗೆ?

80ರಿಂದ ಶುರುಮಾಡಿ 120, 180 ನಂಬರ್ ಪೇಪರ್ ಹೊಡೆದಿರುತ್ತೀರಿ. ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದು ಒಣಗಿದ ಮೇಲೆ 220, ಆಮೇಲೆ 320. ಇಳಿಬಿಸಿಲಲ್ಲಿ ಅಥವಾ ಓರೆಯಾಗಿ ಟಾರ್ಚ್ ಹಿಡಿದು ನೋಡಿ, ಪ್ರತಿ ಗೀರೂ ಎದ್ದು ಕಾಣುತ್ತದೆ. ಪ್ರೈಮರ್ ಮೇಲೆ ಕಂಡದ್ದು ಹೊಳಪು ಬಣ್ಣದ ಮೇಲೆ ಎರಡರಷ್ಟು ಕಾಣುತ್ತದೆ.

ಬಳಿಯುವುದು ಇಬ್ಬರ ಕೆಲಸ. ಒಬ್ಬರು ಸಣ್ಣ ಫೋಮ್ ರೋಲರ್‌ನಿಂದ ಎರಡು ಗೇಣು ಅಗಲ ಬಣ್ಣ ತೆಳ್ಳಗೆ ಹಚ್ಚಬೇಕು. ಮೈತುಂಬ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ, ಗಾಬರಿ ಬೇಡ. ಹಿಂದೆಯೇ ಇನ್ನೊಬ್ಬರು ಒಳ್ಳೆ ಬ್ರಷ್ಷಿನ ತುದಿಯನ್ನಷ್ಟೇ ತಾಗಿಸಿ, ಒಣ ಕಡೆಯಿಂದ ಈಗಷ್ಟೇ ಬಳಿದ ಹಸಿ ಅಂಚಿನ ಕಡೆಗೆ, ಒಂದೇ ಎಳೆತ ಎಳೆಯಬೇಕು. ಒತ್ತಬಾರದು. ಬ್ರಷ್ಷಿನ ಭಾರವೇ ಸಾಕು. ಗುಳ್ಳೆ ಒಡೆದು, ಗೆರೆಗಳು ಕಣ್ಣೆದುರೇ ಕರಗಿ ಮೈ ಸಮವಾಗುತ್ತದೆ. ಆಮೇಲೆ ಆ ಜಾಗಕ್ಕೆ ಮತ್ತೆ ಬ್ರಷ್ ತಾಗಿಸಬೇಡಿ. ನೊಣ ಕೂತರೂ ಬಿಟ್ಟುಬಿಡಿ, ಒಣಗಿದ ಮೇಲೆ ಪೇಪರ್‌ನಲ್ಲಿ ಹೋಗುತ್ತದೆ.

ಗೆರೆ ಕರಗದಿದ್ದರೆ ಬಣ್ಣ ಬೇಗ ಆರುತ್ತಿದೆ. ಆ ಬಣ್ಣಕ್ಕೆ ಹೇಳಿದ ಥಿನ್ನರ್ ಒಂದೆರಡು ಹನಿ ಸೇರಿಸಿ. ಹೀಗೆ ಎರಡು ಅಥವಾ ಮೂರು ಕೋಟ್. ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಡಬ್ಬಿಯ ಮೇಲಿರುತ್ತದೆ. ಆ ಸಮಯ ಮೀರಿದರೆ ಪೇಪರ್ ಹೊಡೆದೇ ಮುಂದಿನ ಕೋಟ್. ಟೇಪನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಹಿಂದಕ್ಕೆ ಮಡಚಿ ಎಳೆಯಿರಿ.

ಬೆಳಿಗ್ಗೆ ನೋಡಿದರೆ ಹೊಳಪೇ ಮಾಯ!

ರಾತ್ರಿ ಇಬ್ಬನಿ ಬಿದ್ದಿದೆ. ಬಣ್ಣ ಹಸಿಯಿರುವಾಗ ತೇವ ತಾಗಿದರೆ ಮಂಕಾಗುತ್ತದೆ. ಬೆಳಗಿನ ಪಸೆ ಆರಿದ ಮೇಲೆ ಶುರುಮಾಡಿ, ಮಧ್ಯಾಹ್ನದೊಳಗೆ ಮುಗಿಸಿ. ನೇರ ಬಿಸಿಲಲ್ಲೂ ಬೇಡ. ಮಂಕಾದದ್ದನ್ನು ಪೇಪರ್ ಹೊಡೆದು ಇನ್ನೊಂದು ಕೋಟ್ ಕೊಡಿ, ಬೇರೆ ದಾರಿಯಿಲ್ಲ.

ಮರದ ಭಾಗಗಳಿಗೆ ವಾರ್ನಿಷ್ ಎಷ್ಟು ಕೋಟ್?

ಆರಕ್ಕೆ ಕಡಿಮೆ ಬೇಡ. ಮೊದಲನೆಯದು ಅರ್ಧಕ್ಕರ್ಧ ಥಿನ್ನರ್ ಸೇರಿಸಿ ತೆಳ್ಳಗಿರಲಿ, ಮರ ಕುಡಿಯಲಿ. ವಾರ್ನಿಷನ್ನು ಹಾಳುಮಾಡುವುದು ನೀರಿಗಿಂತ ಬಿಸಿಲು. ವರ್ಷಕ್ಕೊಮ್ಮೆ ಮೇಲೊಂದು ಕೋಟ್ ಕೊಡದಿದ್ದರೆ ಮತ್ತೆ ಬುಡದಿಂದ ಕೆರೆಯಬೇಕು. ಅಷ್ಟು ತಾಳ್ಮೆ ಇಲ್ಲದವರು ಅಲ್ಲೂ ಬಣ್ಣ ಬಳಿದು ನೆಮ್ಮದಿಯಾಗಿರಿ. ಅಗಸೆ ಎಣ್ಣೆ ಬಳಸುವವರು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಗಿಸಿ.

ಮಾಸ್ಟ್, ತಂತಿ, ಹಾಯಿ ಕಡೆ ಏನು ನೋಡಬೇಕು?

ತಂತಿಗಳ ಮೇಲೆ ಹತ್ತಿ ಬಟ್ಟೆ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ತಂತಿ ತುಂಡಾಗಿದೆ, ಬದಲಿಸಿ. ತುದಿಯ ಲೋಹದ ಕೊಳವೆಯಲ್ಲಿ ಬಿರುಕಿದ್ದರೂ ಅಷ್ಟೇ. ಅಲ್ಯೂಮಿನಿಯಂ ಮಾಸ್ಟಿನಲ್ಲಿ ಸ್ಟೀಲ್ ತಿರುಪು ಕೂತ ಕಡೆ ಬಿಳಿ ಪುಡಿ ಕಂಡರೆ ಎರಡು ಲೋಹ ಒಂದನ್ನೊಂದು ತಿನ್ನುತ್ತಿವೆ ಅಂತ ಅರ್ಥ. ತೆಗೆದು ಶುಚಿಮಾಡಿ, ನಡುವೆ ತಡೆಯುವ ಪೇಸ್ಟ್ ಹಚ್ಚಿ ಕೂರಿಸಿ. ಹಾಯಿಯ ಬಟ್ಟೆಗಿಂತ ಮೊದಲು ಹೊಲಿಗೆಯ ದಾರ ಬಿಸಿಲಿಗೆ ಸೋಲುತ್ತದೆ. ಉಗುರಿನಿಂದ ಕೆರೆದಾಗ ದಾರ ತುಂಡಾದರೆ ಮರುಹೊಲಿಗೆ ಬೇಕು. ಒಗೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್. ವಾಷಿಂಗ್ ಮಷಿನ್ ಬೇಡ.

ಗಾಳಿ ಟ್ಯಾಂಕ್‌ಗಳು ಸರಿಯಿವೆಯಾ ಅಂತ ಹೇಗೆ ನೋಡೋದು?

ಇದನ್ನು ಬಣ್ಣಕ್ಕೆ ಮೊದಲೇ ನೋಡಿ. ದೋಣಿ ಮಗುಚಿದಾಗ ನಿಮ್ಮನ್ನು ತೇಲಿಸುವುದು ಇವೇ. ಮುಚ್ಚಳ ಬಿಗಿದು, ನೀರು ಬಸಿಯುವ ತೂತಿಗೆ ಕೊಳವೆ ಇಟ್ಟು, ಬಾಯಿಂದಷ್ಟೇ ಮೆಲ್ಲಗೆ ಊದಿ. ಕಂಪ್ರೆಸರ್ ಹಚ್ಚಿದರೆ ಸಂದು ಬಿಟ್ಟುಕೊಳ್ಳುತ್ತದೆ. ಸಂದುಗಳಿಗೆ ಸೋಪು ನೊರೆ ಹಚ್ಚಿ, ಗುಳ್ಳೆ ಎದ್ದ ಕಡೆ ಸೋರುತ್ತಿದೆ. ಟ್ಯಾಂಕಿನಲ್ಲಿ ಫೋಮ್ ತುಂಬಿದ್ದು, ದೋಣಿ ಇರಬೇಕಾದ್ದಕ್ಕಿಂತ ಭಾರವೆನಿಸಿದರೆ ಫೋಮ್ ನೀರು ಕುಡಿದಿದೆ. ಅದು ಒಣಗುವುದನ್ನು ಕಾಯುತ್ತಾ ಕೂರಬೇಡಿ. ಕಿತ್ತು ಹಾಕಿ ಹೊಸದು ತುಂಬಿ, ಇಲ್ಲವೇ ಗಾಳಿ ಚೀಲ ಕಟ್ಟಿ.

ಹೊಸ ಬಣ್ಣದ ಮೇಲೆ ಕಾಲು ಜಾರುತ್ತೆ.

ಕಾಲಿಡುವ ಜಾಗಕ್ಕೆ ಕೊನೆಯ ಕೋಟ್‌ನಲ್ಲಿ ಜಾರದ ಪುಡಿ ಬೇಕು. ಹಸಿ ಬಣ್ಣದ ಮೇಲೆ ಜರಡಿಯಿಂದ ಧಾರಾಳವಾಗಿ ಉದುರಿಸಿ, ಒಣಗಿದ ಮೇಲೆ ಉಳಿದದ್ದನ್ನು ಗುಡಿಸಿ, ಮೇಲೆ ತೆಳುವಾಗಿ ಇನ್ನೊಂದು ಕೋಟ್ ಹಚ್ಚಿ. ಕೂರುವ ಜಾಗಕ್ಕೆ ಮಾತ್ರ ಹಾಕಬೇಡಿ, ಬಟ್ಟೆಯೂ ಸವೆಯುತ್ತದೆ, ಚರ್ಮವೂ ಸವೆಯುತ್ತದೆ.

ಬಣ್ಣ ಒಣಗಿದ ತಕ್ಷಣ ನೀರಿಗಿಳಿಸಬಹುದಾ?

ಮುಟ್ಟಿದರೆ ಒಣಗಿದೆ ಅನ್ನಿಸುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ವ್ಯತ್ಯಾಸವಿದೆ. ಕನಿಷ್ಠ ಒಂದು ವಾರ ಬಿಡಿ, ಚಳಿಯಿದ್ದರೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಹಗ್ಗ ಬಿಗಿದು ಟ್ರೇಲರ್ ಮೇಲೂ ಕಟ್ಟಬೇಡಿ, ಹಗ್ಗದ ಅಚ್ಚು ಬೀಳುತ್ತದೆ.

ಮೊದಲ ಸಲ ಹಾಯಿ ಕಟ್ಟದೆ, ಮೊಣಕಾಲುದ್ದ ನೀರಲ್ಲಿ ಅರ್ಧ ಗಂಟೆ ತೇಲಿಸಿಡಿ. ಸೆಂಟರ್‌ಬೋರ್ಡ್ ಪೆಟ್ಟಿಗೆಯ ಬುಡ ಮತ್ತು ಹಿಂಬದಿಯ ಹಲಗೆಯ ಮೂಲೆಗಳನ್ನು ಒಣ ಬಟ್ಟೆಯಿಂದ ಒರೆಸುತ್ತಾ ನೋಡಿ. ಸೋರಿದ ಕಡೆ ಗುರುತು ಹಾಕಿ ವಾಪಸ್ ತನ್ನಿ. ಹಲಗೆಗೆ ಹಲಗೆ ಜೋಡಿಸಿ ಕಟ್ಟಿದ ಹಳೇ ಕಾಲದ ದೋಣಿಗಳು ಮಾತ್ರ ಮೊದಮೊದಲು ಸೋರಿಯೇ ಸೋರುತ್ತವೆ. ಹಲಗೆ ನೀರು ಕುಡಿದು ಉಬ್ಬಿದ ಮೇಲೆ ಸಂದು ತಾನಾಗೇ ಮುಚ್ಚಿಕೊಳ್ಳುತ್ತದೆ. ಪ್ಲೈವುಡ್ ಮತ್ತು ಫೈಬರ್ ದೋಣಿಗಳಲ್ಲಿ ಹಾಗೆ ಆಗುವುದಿಲ್ಲ, ಸೋರಿದರೆ ರಿಪೇರಿಯೇ.